ಪುಟ್ಟ ಕುದುರೆಗೆ ಡಾಕ್ಟರು ಬೇಕಾಗಿದ್ದಾರೆ

"ಕುದುರೆ ಕಂಡರೆ ಕಾಲುನೋವು" ಎಂದು ನಮ್ಮ ಕಡೆ ಒಂದು ಗಾದೆ ಇದೆ. ಚೆನ್ನಾಗಿ ನಡೆಯುತ್ತಿದ್ದವನಿಗೂ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ನೋಯತೊಡಗುತ್ತದಂತೆ! ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹುಟ್ಟಿ ಬೆಳೆದ ನಮ್ಮ ಸಂಘದ ಮಕ್ಕಳಿಗೆ ಮಾತ್ರ ಕುದುರೆ ಎಂದರೆ ಮದುವೆಯ ವರಘೋಡೊ. ಮುಂದೆ ಬ್ಯಾಂಡು, ಹಿಂದೆ ಹೆಂಗಸರ ಹಾಡು, ಮಧ್ಯೆ ಜರಿಯ ಹೊದಿಕೆ ಹೊದ್ದ ಘೋಡಿ, ಅದರ ಮೇಲೆ ಸಾಫಾ ಕಟ್ಟಿಕೊಂಡು ಬೆವರುತ್ತಿರುವ ಮದುಮಗ. ಮೆರವಣಿಗೆ ಮುಗಿದ ಮೇಲೆ ಆ ಕುದುರೆ ಎಲ್ಲಿಗೆ ಹೋಗುತ್ತದೆ, ಏನು ತಿನ್ನುತ್ತದೆ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂದು ಕೇಳುವವರು ಅಪರೂಪ. ಹೀಗೆ ಕೇಳಬೇಕಾದ ಸಂದರ್ಭ ನಮ್ಮ ಮನೆಯಲ್ಲಿ ಒದಗಿ ಬಂತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಎಂದು ಈ ಲೇಖನ.

ನನ್ನ ತವರು ಕುಣಿಗಲ್ ಹತ್ತಿರ. ಕುಣಿಗಲ್ ಎಂದರೆ ಕೆರೆ ಹೇಗೋ ಹಾಗೆ ಕುದುರೆ ಫಾರಂ ಕೂಡ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆಂದು ಕುದುರೆ ಸಾಕಿದ ಜಾಗ ಅದು. ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ಬೇಲಿಯಾಚೆ ಮೇಯುವ ಕುದುರೆಗಳನ್ನು ನೋಡುತ್ತ ಬೆಳೆದವಳು ನಾನು. ಬಿ.ಎ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಮದುವೆಯಾಗಿ ಯಜಮಾನರ ಬ್ಯಾಂಕ್ ಕೆಲಸದ ಜೊತೆ 1992ರಲ್ಲಿ ಬಂದಿಳಿದದ್ದು ಸೂರತ್‌ಗೆ, ಈಗ ನೆಲೆಸಿರುವುದು ಅಹಮದಾಬಾದಿನಲ್ಲಿ. ಕುದುರೆಗೂ ನನಗೂ ಇರುವ ನಂಟು ಇಷ್ಟೇ.

ನಾಲ್ಕು ವರ್ಷಗಳ ಹಿಂದೆ ವಡೋದರಾದಿಂದ ನನ್ನ ಅಕ್ಕನ ಮಗನ ಫೋನ್ ಬಂತು. ಅವನು ಇಂಜಿನಿಯರ್. ಅವನ ಹೆಂಡತಿ ಗುಜರಾತಿ ಹುಡುಗಿ, ಬಹಳ ಒಳ್ಳೆಯವಳು. ಊರ ಹೊರಗೆ ಪಾದ್ರಾ ರಸ್ತೆಯಲ್ಲಿ, ನಿಧಾನವಾಗಿ ಕಲಿಯುವ ಮಕ್ಕಳಿಗಾಗಿ ಒಂದು ಚಿಕ್ಕ ಶಾಲೆ ನಡೆಸುತ್ತಾಳೆ.

"ಚಿಕ್ಕಮ್ಮ, ಶಾಲೆಗೆ ಎರಡು ಮಿನಿಯೇಚರ್ ಕುದುರೆ ತರೋಣ ಅಂತಿದ್ದೀವಿ. ಸೂರತ್ ಕಡೆ ಯಾರೋ ತೋಟ ಮುಚ್ಚುತ್ತಿದ್ದಾರಂತೆ, ಅವರ ಹತ್ತಿರ ಇವೆ. ಮಕ್ಕಳು ಮುಟ್ಟಬಹುದು, ಮೈ ಬಾಚಬಹುದು, ನೀರು ಕುಡಿಸಬಹುದು. ನಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ" ಎಂದ.

"ಡಾಕ್ಟರು ಯಾರಪ್ಪ?" ಎಂದು ಕೇಳಿದೆ.

"ಡಾಕ್ಟರಿಗೇನು ಚಿಕ್ಕಮ್ಮ, ಈಗ ಎಲ್ಲಿ ನೋಡಿದರೂ ಪೆಟ್ ಕ್ಲಿನಿಕ್!"

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೋಗಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. "ಮೊದಲು ಡಾಕ್ಟರು, ಆಮೇಲೆ ಕುದುರೆ" ಎಂದೆ. ಅವನು ನಕ್ಕ, ಆದರೆ ಒಪ್ಪಿದ. ಅಲ್ಲಿಂದ ನಮ್ಮ ಹುಡುಕಾಟ ಶುರುವಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮಿನಿಯೇಚರ್ ಕುದುರೆ ಎಂದರೆ ಎಲ್ಲ ಚಿಕ್ಕ ಕುದುರೆಯೂ ಅಲ್ಲ. ಅಮೆರಿಕದ ಮಿನಿಯೇಚರ್ ಕುದುರೆ ಸಂಘದವರು 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರಿನ ಎತ್ತರಕ್ಕೆ ಗೆರೆ ಎಳೆದಿದ್ದಾರೆ. ಅರ್ಜೆಂಟೀನಾದ ಫಲಬೆಲ್ಲಾ ಕೂಡ ಇಂಥದೇ ಪುಟ್ಟ ತಳಿ. ಸ್ಕಾಟ್ಲೆಂಡಿನ ಶೆಟ್ಲೆಂಡ್ ತಟ್ಟು 42 ಇಂಚಿನವರೆಗೂ ಬೆಳೆಯುತ್ತದೆ. ನಮ್ಮಲ್ಲಿ ಇವೆಲ್ಲ ಬೆರೆತ ಜಾತಿಯವು, ಸುಮ್ಮನೆ ಕುಳ್ಳಗಿರುವ ತಟ್ಟುಗಳು ಎಲ್ಲವೂ ಒಂದೇ ಹೆಸರಿನಲ್ಲಿ ಮಾರಾಟವಾಗಬಹುದು. ಇನ್ನೂ ಬೆಳೆಯಬೇಕಾದ ಮರಿಯನ್ನೇ 'ಮಿನಿಯೇಚರ್' ಎಂದು ಕೊಟ್ಟರೆ ಕೊಳ್ಳುವವನಿಗೆ ಗೊತ್ತಾಗುವುದಾದರೂ ಹೇಗೆ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು, ಸರಿ. ಕಾಸು ಕೊಟ್ಟು ತರುವ ಕುದುರೆಯ ಹಲ್ಲನ್ನಂತೂ ಬಲ್ಲವರಿಂದ ನೋಡಿಸಲೇಬೇಕು. ವಯಸ್ಸು ಗೊತ್ತಾಗುವುದೇ ಅಲ್ಲಿ.

ಸರಿ, ಯಾವ ಡಾಕ್ಟರಾದರೂ ಏಕೆ ಆಗುವುದಿಲ್ಲ? ಗುಜರಾತು ಹಾಲಿನ ನಾಡು. ಅಮುಲ್ ಹುಟ್ಟಿದ ಆನಂದ್ ಪಟ್ಟಣ ನಮಗೆ ಪಕ್ಕದಲ್ಲೇ ಇದೆ. ಇಲ್ಲಿನ ಹಳ್ಳಿಗಳ ಪಶುವೈದ್ಯರಿಗೆ ದಿನ ಬೆಳಗಾದರೆ ಹಸು, ಎಮ್ಮೆ. ನಗರದ ಕ್ಲಿನಿಕ್ಕುಗಳಲ್ಲಿ ನಾಯಿ, ಬೆಕ್ಕು. ಪದವಿ ಎಲ್ಲರಿಗೂ ಒಂದೇ, ಬಿ.ವಿ.ಎಸ್ಸಿ. ಓದುವಾಗ ಎಲ್ಲರೂ ಕುದುರೆಯ ವಿಷಯ ಓದಿರುತ್ತಾರೆ. ಆದರೆ ಓದಿದ್ದು ಬೇರೆ, ಕೈ ಪಳಗಿದ್ದು ಬೇರೆ. ನಮ್ಮ ಮನೆಯ ಹೆಣ್ಣುಮಕ್ಕಳ ಹೆರಿಗೆಗೆ ಕಣ್ಣಿನ ಡಾಕ್ಟರ ಬಳಿ ಹೋಗುತ್ತೇವೆಯೇ?

ಹಸು ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಕುದುರೆಗೆ ಇರುವುದು ಒಂದೇ ಚಿಕ್ಕ ಜಠರ. ತಿಂದ ಹುಲ್ಲು ಹುಳಿತು ಜೀರ್ಣವಾಗುವುದೆಲ್ಲ ಹಿಂದಿನ ದೊಡ್ಡ ಕರುಳಿನಲ್ಲಿ. ಕುದುರೆ ವಾಂತಿ ಮಾಡಲಾರದು. ಒಳಗೆ ಏನಾದರೂ ಕಟ್ಟಿಕೊಂಡರೆ, ಗ್ಯಾಸ್ ತುಂಬಿದರೆ, ಹೊಟ್ಟೆಶೂಲೆಯಿಂದ ಒದ್ದಾಡುತ್ತದೆ. ಕುದುರೆಗಳ ಸಾವಿಗೆ ಈ ಶೂಲೆ ದೊಡ್ಡ ಕಾರಣ. ಇನ್ನೊಂದು ಸಂಗತಿ ಕೇಳಿ: ಕೋಳಿಯ ಮತ್ತು ದನದ ಕೆಲವು ತಯಾರಿ ಮೇವುಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಸೇರಿಸುತ್ತಾರೆ. ದನಕ್ಕೆ ಒಗ್ಗುವ ಆ ಪ್ರಮಾಣ ಕುದುರೆಯ ಹೃದಯವನ್ನು ಹಾಳುಮಾಡಿ ಕೊಲ್ಲಬಲ್ಲದು. ಹಾಲಿನ ನಾಡಿನಲ್ಲಿ ದನದ ಹಿಂಡಿಯ ಚೀಲ ಎಲ್ಲ ಕಡೆ ಸಿಗುತ್ತದೆ, ಆದ್ದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಪುಟ್ಟ ಕುದುರೆಯದು ಅದಕ್ಕೂ ಮೇಲೆ ಬೇರೆ ಲೆಕ್ಕ. ವರಘೋಡೊದ ಕುದುರೆ ಮುನ್ನೂರೈವತ್ತು, ನಾನೂರು ಕಿಲೋ ತೂಗಿದರೆ ಇದು ನೂರು ಕಿಲೋ ಆಸುಪಾಸು. ಕಣ್ಣಳತೆಯಲ್ಲಿ ಔಷಧ ಕೊಟ್ಟರೆ ನೋವಿನ ಮಾತ್ರೆಯೇ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷವಾದೀತು. ದವಡೆ ಚಿಕ್ಕದು, ಹಲ್ಲು ಅದಕ್ಕೆ ತಕ್ಕಷ್ಟು ಚಿಕ್ಕದಾಗಿರುವುದಿಲ್ಲ. ಒಂದರ ಮೇಲೊಂದು ಒತ್ತರಿಸಿಕೊಂಡು ಬೆಳೆಯುತ್ತವೆ. ಗಬ್ಬವಾದರೆ ಹೆರಿಗೆ ಕಷ್ಟ. ಸ್ವಲ್ಪ ತಿಂದರೂ ದಪ್ಪಗಾಗುವ ಮೈ. ಎಲ್ಲಕ್ಕಿಂತ ಅಪಾಯದ್ದು ಎಂದರೆ ಉಪವಾಸ. ದಪ್ಪಗಿರುವ ತಟ್ಟು ಯಾವುದೋ ಕಾರಣಕ್ಕೆ ಒಂದೆರಡು ದಿನ ಮೇವು ಬಿಟ್ಟರೆ, ಮೈಯಲ್ಲಿರುವ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ. ರಕ್ತ ತೆಗೆದಿಟ್ಟರೆ ಮೇಲಿನ ತಿಳಿ ಹಾಲಿನಂತೆ ಬೆಳ್ಳಗೆ ಕಾಣುತ್ತದಂತೆ. ಪಿತ್ತಜನಕಾಂಗ ಕೆಟ್ಟು ಪ್ರಾಣವೇ ಹೋಗುತ್ತದೆ. "ಎರಡು ದಿನ ನೋಡೋಣ, ತಾನೇ ಸರಿಹೋಗುತ್ತೆ" ಎನ್ನುವ ಡಾಕ್ಟರು ಈ ಪ್ರಾಣಿಗೆ ಸಲ್ಲ.

ಇಷ್ಟೆಲ್ಲ ನನಗೆ ಮೊದಲೇ ಗೊತ್ತಿರಲಿಲ್ಲ. ಹೇಳಿಕೊಟ್ಟವರಲ್ಲಿ ಮೊದಲಿಗರು ಅಹಮದಾಬಾದಿನ ಹಳೇ ಊರಿನ ಒಬ್ಬ ಘೋಡಾವಾಲಾ ಕಾಕಾ. ಮೂರು ತಲೆಮಾರಿನಿಂದ ಮದುವೆಗೆ ಕುದುರೆ ಕೊಡುವ ಮನೆತನ. ಅವರ ಲಾಯದಲ್ಲಿ ಕಾಠಿಯಾವಾಡಿ ಕುದುರೆಗಳಿವೆ. ಕಾಠಿಯಾವಾಡಿಯ ಕಿವಿ ನೋಡಿದ್ದೀರಾ? ಒಳಕ್ಕೆ ಬಾಗಿ ಎರಡು ತುದಿಗಳೂ ಒಂದನ್ನೊಂದು ಮುಟ್ಟುತ್ತವೆ, ನಮಸ್ಕಾರಕ್ಕೆ ಕೈ ಜೋಡಿಸಿದ ಹಾಗೆ. ಸೌರಾಷ್ಟ್ರದ ಹೆಮ್ಮೆ ಅದು. ಕಾಕಾ ಹತ್ತಿರ ಮಕ್ಕಳನ್ನು ಕೂರಿಸುವ ಒಂದು ತಟ್ಟೂ ಇದೆ.

ಕುದುರೆಗೆ ಒಳ್ಳೆಯ ಡಾಕ್ಟರು ಯಾರು ಎಂದು ನಾನು ಕೇಳಿದರೆ ಅವರು ಹೆಸರು ಹೇಳಲಿಲ್ಲ. "ಬೇನ್, ಹೆಸರು ಹೇಳಿದರೆ ಅವರು ನನ್ನ ಲಾಯಕ್ಕೆ ಒಳ್ಳೆಯವರು. ವಡೋದರಾಕ್ಕೆ ರಾತ್ರಿ ಎರಡು ಗಂಟೆಗೆ ಬರುತ್ತಾರೆಯೇ? ನೀವು ಹೋಗಿ ನೋಡಿ. ಡಾಕ್ಟರು ಲಾಯದೊಳಗೆ ಬಂದ ಕೂಡಲೇ ಸೂಜಿ ತೆಗೆದರೆ ವಾಪಸ್ ಕಳಿಸಿ. ಬಂದವರು ಮೊದಲು ಸುಮ್ಮನೆ ನಿಂತು ನೋಡಬೇಕು. ಲದ್ದಿ ನೋಡಬೇಕು. ಆಮೇಲೆ ಕುತ್ತಿಗೆ ಮೇಲೆ ಕೈ ಇಡಬೇಕು. ಕುದುರೆಗೆ ಗೊತ್ತಾಗುತ್ತೆ, ಇವರು ಹೆದರಿದ್ದಾರೋ ಇಲ್ಲವೋ ಅಂತ. ಕುದುರೆಯ ಕಿವಿ ಕಡೆ ನಿಮ್ಮ ಕಣ್ಣಿರಲಿ" ಎಂದರು.

ಅವರ ಅಜ್ಜ ಕುದುರೆ ವೈದ್ಯರನ್ನು 'ಸಾಲೋತ್ರಿ' ಎನ್ನುತ್ತಿದ್ದರಂತೆ. ಆ ಮಾತು ಕೇಳಿ ನನಗೆ ರೋಮಾಂಚನವಾಯಿತು. ಕುದುರೆಯ ವೈದ್ಯಶಾಸ್ತ್ರಕ್ಕೆ ಮೂಲಪುರುಷ ಎಂದು ನಮ್ಮ ಹಿಂದಿನವರು ಹೇಳುವ ಶಾಲಿಹೋತ್ರನ ಹೆಸರೇ ಬಾಯಿಂದ ಬಾಯಿಗೆ ಸವೆದು ಸಾಲೋತ್ರಿ ಆಗಿದೆ. ಮಕ್ಕಳೇ, ಇದರಲ್ಲಿ ನಮ್ಮ ಕನ್ನಡದ ಪಾಲೂ ಇದೆ. ಚಾಳುಕ್ಯ ರಾಜಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಹೊತ್ತಿಗೇ 'ಗೋವೈದ್ಯ' ಎಂಬ ಕನ್ನಡ ಗ್ರಂಥ ರಚಿಸಿದ. ಸುಮಾರು 1400ರಲ್ಲಿ ಅಭಿನವಚಂದ್ರ ಎಂಬಾತ ಕುದುರೆಗಳ ವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದ. ಹಸುವಿಗೊಂದು ಪುಸ್ತಕ, ಕುದುರೆಗೆ ಬೇರೆಯೇ ಪುಸ್ತಕ! ಎರಡೂ ಒಂದೇ ವಿದ್ಯೆಯಲ್ಲ ಎಂದು ನಮ್ಮವರಿಗೆ ಆರುನೂರು ವರ್ಷಗಳ ಹಿಂದೆಯೇ ತಿಳಿದಿತ್ತು. "ಕನ್ನಡದಲ್ಲಿ ಬರೀ ಕಥೆ, ಕವಿತೆ ತಾನೇ?" ಎಂದು ನಿಮ್ಮ ಗೆಳೆಯರು ಕೇಳಿದರೆ ಇದನ್ನು ಹೇಳಿ.

ಕಾಕಾ ಮಾತಿನಂತೆ ನಾವು ದೂರದ ಲೆಕ್ಕ ಹಾಕಿದೆವು. ಪಶುವೈದ್ಯ ಕಾಲೇಜು ಇರುವ ಊರಿನಲ್ಲಿ ಬೇರೆ ಬೇರೆ ವಿಭಾಗದ ತಜ್ಞರು, ಶಸ್ತ್ರಚಿಕಿತ್ಸೆಗೆ ಅನುಕೂಲ ಇರುತ್ತದೆ. ಆನಂದ್‌ನಲ್ಲಿ 1964ರಲ್ಲಿ ಶುರುವಾದ ಕಾಲೇಜು ಇದೆ. ವಡೋದರಾದಿಂದ ಸುಮಾರು 40 ಕಿಲೋಮೀಟರ್, ಅಹಮದಾಬಾದಿನಿಂದ 70ರ ಮೇಲೆ. ಸೂರತ್‌ನವರಿಗೆ ನವಸಾರಿಯ ಕಾಲೇಜು ಹತ್ತಿರ. ಇನ್ನು 1962 ಎಂಬ ನಂಬರಿಗೆ ಫೋನ್ ಮಾಡಿದರೆ ಬರುವ ಕರುಣಾ ಆಂಬುಲೆನ್ಸ್ 2017ರಲ್ಲಿ ಆರಂಭವಾಯಿತು. ಬೀದಿಯಲ್ಲಿ ಬಿದ್ದ ಪ್ರಾಣಿಗೆ, ಉತ್ತರಾಯಣದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕಡಿದುಕೊಂಡ ಹಕ್ಕಿಗೆ ಅದು ದೇವರಿದ್ದ ಹಾಗೆ. ಆದರೆ ಅದು ಮುಖ್ಯವಾಗಿ ವಾರಸುದಾರರಿಲ್ಲದ ಪ್ರಾಣಿಗಳಿಗೆ. ನಾವು ಬೇಕೆಂದು ತಂದುಕೊಂಡ ಪ್ರಾಣಿಯ ಹೊಣೆಯನ್ನು ಅದರ ಮೇಲೆ ಹೊರಿಸುವುದು ಸರಿಯಲ್ಲ. ಜೀವದಯೆ ಎಂಬ ಮಾತಿಗೆ ಗುಜರಾತಿನಲ್ಲಿ ದೊಡ್ಡ ಗೌರವವಿದೆ. ಮುದಿ ದನಗಳನ್ನು ಸಾಕುವ ಪಾಂಜರಾಪೋಳಗಳನ್ನು ಇಲ್ಲಿಯವರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಆದರೆ ದಯೆ ಒಂದರಿಂದಲೇ ಶೂಲೆ ಇಳಿಯುವುದಿಲ್ಲ, ಅದಕ್ಕೆ ವಿದ್ಯೆಯೂ ಬೇಕು.

ವಡೋದರಾದಲ್ಲಿ ನಾನು ಮತ್ತು ಸೊಸೆ ಮೂವರು ಡಾಕ್ಟರನ್ನು ಕಂಡೆವು. ಮೊದಲನೆಯವರ ಕ್ಲಿನಿಕ್ ಹೊಳೆಯುತ್ತಿತ್ತು, ಎ.ಸಿ. ಇತ್ತು, ಗೋಡೆ ತುಂಬ ನಾಯಿಗಳ ಚಿತ್ರ. ಅವರು ನಮ್ಮ ಮಾತು ಪೂರ್ತಿ ಕೇಳಿ, "ಅಮ್ಮಾ, ಕಾಲೇಜು ಬಿಟ್ಟ ಮೇಲೆ ನಾನು ಕುದುರೆ ಮುಟ್ಟಿಲ್ಲ. ನನ್ನನ್ನು ನಂಬಿ ತರಬೇಡಿ" ಎಂದರು. ಫೀಸೂ ತೆಗೆದುಕೊಳ್ಳಲಿಲ್ಲ. ತನಗೆ ಬಾರದ್ದನ್ನು ಬಾರದು ಎನ್ನುವ ಅಂಥವರನ್ನು ನಾನು ಇವತ್ತಿಗೂ ಮನಸ್ಸಿನಲ್ಲೇ ವಂದಿಸುತ್ತೇನೆ. ನಾಳೆ ನಾಯಿ ಸಾಕುವ ಯೋಗ ಬಂದರೆ ಕಣ್ಣು ಮುಚ್ಚಿಕೊಂಡು ಅವರ ಬಳಿಗೇ ಹೋಗುತ್ತೇನೆ.

ಎರಡನೆಯವರು ಫೋನಿನಲ್ಲೇ, "ತನ್ನಿ ತನ್ನಿ, ನಾನಿದ್ದೇನೆ" ಎಂದರು. ತೂಕ ಎಷ್ಟು, ವಯಸ್ಸು ಎಷ್ಟು, ಏನು ತಿನ್ನಿಸುತ್ತೀರಿ, ಯಾವುದನ್ನೂ ಕೇಳಲಿಲ್ಲ. ಬಂದ ದಿನವೇ ಒಂದು ಶಕ್ತಿಯ ಇಂಜೆಕ್ಷನ್ ಹಾಕೋಣ ಎಂದರು. ಕಾಕಾ ಹೇಳಿದ ಸೂಜಿ ನನಗೆ ನೆನಪಾಯಿತು!

ಮೂರನೆಯವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆನಂದ್ ಕಡೆಯವರು, ಕುದುರೆಗಳ ಮೇಲೆಯೇ ಹೆಚ್ಚು ಕೆಲಸ ಮಾಡಿದವರು. ನಮ್ಮ ಹುಡುಗನ ಸ್ನೇಹಿತರು, "ಕುದುರೆ ಹಿಡಿಯೋಕೆ ಗಂಡಾಳೇ ಬೇಕು" ಎಂದು ಮೂಗು ಮುರಿದಿದ್ದರು. ಆಕೆ ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ, "ಮಾಸಿ, ರಾತ್ರಿ ಹೊತ್ತು ಶಾಲೆಯಲ್ಲಿ ಯಾರಿರುತ್ತಾರೆ?" ಎಂದು. ನಮ್ಮಲ್ಲಿ ಉತ್ತರವಿರಲಿಲ್ಲ. "ಶೂಲೆ ಬರುವುದು ಗಡಿಯಾರ ನೋಡಿಕೊಂಡಲ್ಲ. ರಾತ್ರಿ ನೋಡುವವರು ಒಬ್ಬರು ಸಿಕ್ಕಿದ ಮೇಲೆ ನನಗೆ ಫೋನ್ ಮಾಡಿ" ಎಂದರು. ತಾವು ಊರಲ್ಲಿ ಇಲ್ಲದಾಗ ಯಾರು ಬರುತ್ತಾರೆ, ಆಪರೇಷನ್ ಬೇಕಾದರೆ ಎಲ್ಲಿಗೆ, ಯಾವ ಗಾಡಿಯಲ್ಲಿ ಒಯ್ಯಬೇಕು, ಒಂದು ಸಲ ಬಂದರೆ ಎಷ್ಟು ಖರ್ಚು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಾವು ಹುಡುಕುತ್ತಿದ್ದವರು ಇವರೇ ಎಂದು ನನಗೂ ಸೊಸೆಗೂ ಒಟ್ಟಿಗೇ ಅನ್ನಿಸಿತು.

ಕುದುರೆ ನೋಡಲು ಸೂರತ್‌ಗೆ ಹೊರಟಾಗ ಆಕೆ ನವಸಾರಿ ಕಡೆಯ ತಮ್ಮ ಪರಿಚಯದ ಡಾಕ್ಟರೊಬ್ಬರನ್ನು ಜೊತೆ ಮಾಡಿಕೊಟ್ಟರು. ಮಾರುವವರಿಗೆ ಬೇಕಾದ ಡಾಕ್ಟರೇ ಕೊಳ್ಳುವವರಿಗೂ ಸರ್ಟಿಫಿಕೇಟ್ ಕೊಡುವುದು ಬೇಡ ಎಂಬುದು ಅವರ ನಿಯಮ. ಅಲ್ಲಿದ್ದದ್ದು ಎರಡು: ಬಿಳಿಯ ಗಂಡು ಮೋತಿ, ಕೆಂಚು ಬಣ್ಣದ ಹೆಣ್ಣು ಲಾಲಿ. ಬಂದ ಡಾಕ್ಟರು ಕೋಲು ಹಿಡಿದು ಎತ್ತರ ಅಳೆದರು, ಬಾಯಿ ತೆರೆಸಿ ಹಲ್ಲು ನೋಡಿದರು, ಎದೆಗೂ ಹೊಟ್ಟೆಯ ನಾಲ್ಕು ಮೂಲೆಗೂ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ನಡೆಸಿ ನೋಡಿದರು, ನಾಲ್ಕೂ ಗೊರಸು ಎತ್ತಿ ನೋಡಿದರು. ತೂಕಕ್ಕೆ ಪಕ್ಕದ ಧಾನ್ಯದ ಗೋದಾಮಿನ ಕಾಟಾದ ಮೇಲೆಯೇ ನಿಲ್ಲಿಸಿದರು! ಮೋತಿ 36 ಇಂಚು. ಅಮೆರಿಕದ ಲೆಕ್ಕದಲ್ಲಿ ಮಿನಿಯೇಚರೇ ಅಲ್ಲ. ಲಾಲಿ ಬಹಳ ದಪ್ಪ, ಹಿಂದೆ ಒಮ್ಮೆ ಗೊರಸಿನ ಕಾಯಿಲೆ ಬಂದಿದ್ದ ಗುರುತು ಇದೆ ಎಂದರು. "ತರಬೇಡಿ ಎನ್ನುವುದಿಲ್ಲ, ಆದರೆ ತಿಳಿದು ತನ್ನಿ." ತೋಟದವರು ಎರಡನ್ನೂ ಬೇರೆ ಮಾಡಲು ಒಪ್ಪಲಿಲ್ಲ. ಸೊಸೆ ಲಾಲಿಯ ಮುಖ ನೋಡಿದಳು, ಅಲ್ಲಿಗೆ ಮಾತು ಮುಗಿಯಿತು.

ಕೊಳ್ಳುವ ಮುನ್ನ ಗ್ಲಾಂಡರ್ಸ್ ಪರೀಕ್ಷೆಗೆಂದು ಎರಡರ ರಕ್ತವನ್ನೂ ಕಳಿಸಲಾಯಿತು. ಈ ರೋಗದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇದು ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ, ಅವುಗಳಿಂದ ಮನುಷ್ಯರಿಗೂ ಅಂಟಬಲ್ಲ ರೋಗ. ಬ್ರಿಟಿಷರು 1899ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಾಯಿದೆ ಮಾಡಿದ್ದರು. ಈಗ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯಿದೆ ಇದೆ, ಅದರ ಪ್ರಕಾರ ರೋಗದ ಸುದ್ದಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆಗೆ ಹೆಸರಾದದ್ದು. ರೋಗ ಖಚಿತವಾದ ಪ್ರಾಣಿಗೆ ಚಿಕಿತ್ಸೆ ಇಲ್ಲ, ನೋವಾಗದಂತೆ ಕೊಲ್ಲುತ್ತಾರೆ, ಒಡೆಯನಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಒಂದೇ ಕುದುರೆಯ ದುಡಿಮೆಯಲ್ಲಿ ಸಂಸಾರ ನಡೆಸುವವನಿಗೆ ಆ ಪರಿಹಾರ ಎಷ್ಟರಮಟ್ಟಿಗೆ ಸಾಂತ್ವನವಾದೀತು? ಆದ್ದರಿಂದ ಮುಚ್ಚಿಡುವ ಆಸೆ ಹುಟ್ಟುತ್ತದೆ. "ನಾನು ಹೇಗೋ ಮಾಡುತ್ತೇನೆ, ಪರೀಕ್ಷೆ ಬೇಡ" ಎನ್ನುವ ಡಾಕ್ಟರು ಆ ಕ್ಷಣಕ್ಕೆ ಆಪ್ತಬಂಧುವಿನಂತೆ ಕಾಣಬಹುದು. ಆದರೆ ಆ ಕುದುರೆಯ ಮೂತಿ ಸವರುವ ಮಗುವಿನ ಗತಿ? 1994ರಲ್ಲಿ ಸೂರತ್‌ಗೆ ಪ್ಲೇಗ್ ಬಂದಾಗ ನಾವು ಅಲ್ಲಿಯೇ ಇದ್ದೆವು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಜನ ಸ್ಟೇಷನ್ನಿಗೆ ಓಡಿದ್ದನ್ನು ಕಂಡವಳು ನಾನು. ರೋಗವನ್ನು ಮುಚ್ಚಿಟ್ಟರೆ ಹೆದರಿಕೆ ಹತ್ತು ಪಾಲಾಗುತ್ತದೆ. ನಿಜ ಹೇಳುವ ಡಾಕ್ಟರೇ ಬೇಕು, ಅದು ನಮಗೆ ಎಷ್ಟೇ ನಷ್ಟವಾದರೂ.

ದೇವರ ದಯೆಯಿಂದ ಎರಡೂ ಪರೀಕ್ಷೆಯಲ್ಲಿ ಪಾಸಾಗಿ ವಡೋದರಾಕ್ಕೆ ಬಂದವು. ಧನುರ್ವಾಯುವಿನ ಲಸಿಕೆ ಆಯಿತು. ಕುದುರೆಗೆ ಈ ರೋಗ ಬಹಳ ಬೇಗ ತಗಲುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲು ಲಾಳ ಕಟ್ಟುವ ನಾಲ್‌ಬಂದ್ ಒಬ್ಬರನ್ನು ಕಾಕಾ ಗೊತ್ತುಮಾಡಿಕೊಟ್ಟರು. ಒಳ್ಳೆಯ ಕುದುರೆ ಡಾಕ್ಟರು ಇಂಥವರ ಜೊತೆ ಸೇರಿ ಕೆಲಸ ಮಾಡುತ್ತಾರೆ, ಅವರನ್ನು ಕೀಳಾಗಿ ಕಾಣುವುದಿಲ್ಲ. ಅದನ್ನೂ ಗಮನಿಸಿ.

ಬಂದ ಹದಿನೈದು ದಿನಕ್ಕೆ ಮೋತಿ ಮೇವು ಬಿಟ್ಟ. ಆ ವಾರ ನಾನೂ ವಡೋದರಾದಲ್ಲಿದ್ದೆ. ಬೆಳಗಿನಿಂದ ಹುಲ್ಲು ಮುಟ್ಟಿಲ್ಲ, ಲದ್ದಿ ಇಲ್ಲ, ಆಗಾಗ ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತಿದ್ದಾನೆ. ಡಾಕ್ಟರು ಕಲಿಸಿಕೊಟ್ಟಂತೆ ಸೊಸೆ ವಸಡು ಒತ್ತಿ ನೋಡಿದಳು. ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಕೆಂಪು ವಾಪಸ್ ಬರಬೇಕು, ಬರಲಿಲ್ಲ. ದವಡೆಯ ಕೆಳಗೆ ನಾಡಿ ಹಿಡಿದು ಎಣಿಸಿದರೆ 64. ದೊಡ್ಡ ಕುದುರೆಗೆ ವಿಶ್ರಾಂತಿಯಲ್ಲಿ 28ರಿಂದ 44, ಪುಟ್ಟದಕ್ಕೆ ಸ್ವಲ್ಪ ಹೆಚ್ಚು. 60 ದಾಟಿದರೆ ತಡಮಾಡಬೇಡಿ ಎಂದು ಆಕೆ ಬರೆಸಿದ್ದರು. ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. ಜೋರು ಮಳೆ. ಹನ್ನೆರಡಕ್ಕೆ ಮುಂಚೆ ಆ ಹೆಣ್ಣುಮಗಳು ತೊಯ್ದುಕೊಂಡು ಬಂದೇಬಿಟ್ಟರು. ಮೂಗಿನ ಮೂಲಕ ಕೊಳವೆ ಇಳಿಸಿದರು, ಗ್ಲೂಕೋಸ್ ಏರಿಸಿದರು, ಕಾಟಾದಲ್ಲಿ ತೂಗಿದ ಲೆಕ್ಕ ತೆಗೆದು ನೋಡಿ ನೋವಿನ ಔಷಧವನ್ನು ಸಿರಿಂಜಿಗೆ ಎಳೆದರು. ಬೆಳಗಿನ ನಾಲ್ಕು ಗಂಟೆಗೆ ಮೋತಿ ಲದ್ದಿ ಹಾಕಿದ. ಕುದುರೆಯ ಲದ್ದಿ ನೋಡಿ ಮೂರು ಜನ ಹೆಂಗಸರು ಕಣ್ಣೀರು ಹಾಕಿದ್ದು ಅದೇ ಮೊದಲಿರಬೇಕು! ನಾನು ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ. "ಮಾಸಿ, ಇನ್ನೊಂದು ದಿನ ಬಿಟ್ಟು ಕರೆದಿದ್ದರೆ ನಾನು ಬಂದೂ ಪ್ರಯೋಜನವಿರಲಿಲ್ಲ" ಎಂದರು.

ಲಾಲಿಯ ಕಥೆ ಹಾಗಾಗಲಿಲ್ಲ. ಅವಳ ಗೊರಸಿನ ಕಾಯಿಲೆಗೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಗೊರಸಿನ ಚಿಪ್ಪಿಗೂ ಒಳಗಿನ ಮೂಳೆಗೂ ಇರುವ ಬೆಸುಗೆ ಊದಿಕೊಂಡು ಸಡಿಲವಾಗುತ್ತದೆ. ಬೆಲ್ಲ, ಧಾನ್ಯ, ಎಳೆ ಹುಲ್ಲು, ಇಲ್ಲಿ ರಜಕೋ ಎನ್ನುವ ಹಸಿ ಮೇವು, ಇವೆಲ್ಲ ಅತಿಯಾದರೆ ದಪ್ಪ ತಟ್ಟುಗಳಿಗೆ ಇದು ಬೇಗ ಬರುತ್ತದೆ. ಶಾಲೆಗೆ ಬಂದವರೆಲ್ಲ ಪುಣ್ಯ ಬರಲೆಂದು ರೊಟ್ಟಿ, ಲಾಡು ತಿನ್ನಿಸಲು ಬರುವವರೇ. ಡಾಕ್ಟರು ಬೇಲಿಗೆ ದೊಡ್ಡ ಬೋರ್ಡು ಹಾಕಿಸಿದರು, ಮೇವನ್ನು ತೂಗಿಯೇ ಹಾಕಿಸಿದರು. ಎರಡು ವರ್ಷ ಲಾಲಿ ಚೆನ್ನಾಗಿಯೇ ಇದ್ದಳು. ಬಾಯಿಂದ ಮಾತೇ ಹೊರಡದ ಒಬ್ಬ ಹುಡುಗ ಅವಳ ಕುತ್ತಿಗೆ ತಬ್ಬಿ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಮೂರನೆಯ ವರ್ಷ ಕಾಯಿಲೆ ಮತ್ತೆ ಮರುಕಳಿಸಿತು. ಎಕ್ಸ್‌ರೇ ತೆಗೆದಾಗ ಮುಂಗಾಲುಗಳ ಒಳಗಿನ ಮೂಳೆ ತಿರುಗಿ ಕೆಳಗೆ ಇಳಿದಿತ್ತು. ನಿಲ್ಲಲಾರಳು, ಮಲಗಿದರೆ ಏಳಲಾರಳು.

ಡಾಕ್ಟರು ನೆಲದ ಮೇಲೆ ಅವಳ ತಲೆಯ ಬಳಿ ಕುಳಿತು ಹೇಳಿದರು: "ಇನ್ನೂ ಒಂದು ತಿಂಗಳು ಎಳೆಯಬಹುದು. ಔಷಧವಿದೆ, ನಾನು ಬರುತ್ತೇನೆ, ನೀವು ಹಣ ಕೊಡುತ್ತೀರಿ. ಆದರೆ ಅದು ಅವಳಿಗಾಗಿ ಅಲ್ಲ, ನಮಗಾಗಿ." ನನ್ನ ಅಕ್ಕನ ಮಗ ಹೊರಗೆ ಹೋಗಿ ನಿಂತ. ಸೊಸೆ ಒಂದು ದಿನ ಕೇಳಿದಳು. ಮಾರನೆಯ ದಿನ ಮಕ್ಕಳು ಬಂದು ಒಬ್ಬೊಬ್ಬರಾಗಿ ಲಾಲಿಯನ್ನು ಸವರಿ ಹೋದ ಮೇಲೆ, ಮೋತಿಯನ್ನು ಹತ್ತಿರವೇ ನಿಲ್ಲಿಸಿ, ಅವಳನ್ನು ಮಲಗಿಸಿದರು. ಜೊತೆಗಾರ ನೋಡಲಿ, ಮೂಸಲಿ, ಇಲ್ಲದಿದ್ದರೆ ದಿನಗಟ್ಟಲೆ ಕೂಗಿ ಹುಡುಕುತ್ತಾನೆ, ಮೇವು ಬಿಡುತ್ತಾನೆ ಎಂದು ಆಕೆಯೇ ಹೇಳಿದ್ದು. ಆ ದುಃಖದಲ್ಲೂ ಉಳಿದವನ ಹೊಟ್ಟೆಯ ಯೋಚನೆ ಮಾಡಿದ ಡಾಕ್ಟರು ಅವರು. ಕೆಲವರು ನಮ್ಮ ಹುಡುಗಿಗೆ ಪಾಪದ ಮಾತು ಆಡಿದರು. ನಾನು ಉತ್ತರ ಕೊಡಲು ಹೋಗಲಿಲ್ಲ. ಆ ಕಾಲುಗಳನ್ನು ಕಂಡಿದ್ದವರು ಆ ಮಾತು ಆಡುತ್ತಿರಲಿಲ್ಲ.

ಆನಾ ಸ್ಯುವೆಲ್ 1877ರಲ್ಲಿ ಬರೆದ 'ಬ್ಲ್ಯಾಕ್ ಬ್ಯೂಟಿ'ಯಲ್ಲಿ ಕುದುರೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ನಿಜವಾದ ಕುದುರೆಗೆ ಆ ಭಾಗ್ಯವಿಲ್ಲ. ಅದರ ಪರವಾಗಿ ಡಾಕ್ಟರಿಗೆ ಹೇಳಬೇಕಾದವರು ನಾವು, ನಮಗೆ ಹೇಳಬೇಕಾದವರು ಡಾಕ್ಟರು. ಈ ಎರಡು ಮಾತಿನ ನಡುವೆ ಸುಳ್ಳು ಬರಬಾರದು.

ನಿಮ್ಮಲ್ಲಿ ಅನೇಕರು ಓದಿ ಮುಂದೆ ಬಂದು, ಕೈಯಲ್ಲಿ ಕಾಸು ಕೂಡಿದಾಗ ತೋಟದ ಮನೆ ಮಾಡುವವರು, ಪ್ರಾಣಿ ಸಾಕುವವರು. ಆಗ ಅನುಕೂಲವಾಗಲಿ ಎಂದು ನಮ್ಮ ಅನುಭವದಿಂದ ತಿಳಿದದ್ದನ್ನು ಒಟ್ಟುಗೂಡಿಸಿ ಹೇಳುತ್ತೇನೆ. ಡಾಕ್ಟರು ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಎಂದು ಮೊದಲು ಕೇಳಿ, ಕೇಳಲು ಸಂಕೋಚ ಬೇಡ. ಕಳೆದ ತಿಂಗಳು ಎಷ್ಟು ಕುದುರೆ ನೋಡಿದಿರಿ, ಅವುಗಳಲ್ಲಿ ಪುಟ್ಟವು ಎಷ್ಟು ಎಂದು ಕೇಳಿ. ಔಷಧಕ್ಕೆ ಮುಂಚೆ ತೂಕ ನೋಡುತ್ತಾರೆಯೇ, ವರ್ಷಕ್ಕೊಮ್ಮೆ ಹಲ್ಲು ನೋಡುತ್ತಾರೆಯೇ, ಜಂತಿನ ಔಷಧ ಕೊಡುವ ಮೊದಲು ಲದ್ದಿ ಪರೀಕ್ಷೆ ಮಾಡಿಸುತ್ತಾರೆಯೇ ಗಮನಿಸಿ. ರಾತ್ರಿ ಬರುತ್ತಾರೆಯೇ, ಅವರು ಇಲ್ಲದಾಗ ಯಾರು ಎಂಬುದನ್ನು ಬರೆಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಸಿಡುಕುವವರನ್ನು ಬಿಡಿ. "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎನ್ನುವವರನ್ನು ಬಿಡಬೇಡಿ. ಇಂಥವರು ಒಂದೆರಡು ಗಂಟೆಯ ದಾರಿಯಲ್ಲಿ ಯಾರೂ ಸಿಗದಿದ್ದರೆ, ದಯವಿಟ್ಟು ಕುದುರೆಯನ್ನೇ ತರಬೇಡಿ. ಆಸೆಯನ್ನು ಕಾಕಾರಂಥವರ ಲಾಯಕ್ಕೆ ಹೋಗಿ ತೀರಿಸಿಕೊಂಡು ಬನ್ನಿ, ಅವರಿಗೂ ನಾಲ್ಕು ಕಾಸು ಸಿಗಲಿ.

ಮೋತಿ ಈಗ ಒಂಟಿಯಲ್ಲ. ಕುದುರೆಗೆ ಒಂಟಿತನ ಒಗ್ಗದು ಎಂದು ಡಾಕ್ಟರೇ ಸಲಹೆ ಕೊಟ್ಟು, ಕೆಲಸ ಮುಗಿಸಿದ ಒಂದು ಮುದಿ ತಟ್ಟುವನ್ನು ಜೊತೆಗೆ ತರಿಸಿದ್ದಾರೆ. ವಡೋದರಾ ಕಡೆ ಹೋದಾಗ ಪಾದ್ರಾ ರಸ್ತೆಯ ಆ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಲಾಡು ಮಾತ್ರ ಕುದುರೆಗೆ ಬೇಡ, ಮಕ್ಕಳಿಗೆ ಒಯ್ಯಿರಿ!